ಹತ್ತು ವರ್ಷ ಮುಗೀತು, ಮುಂದೇನು ಸರ್? ಶಾರ್ಟ್ ಸರ್ವಿಸ್ ಆಫೀಸರ್‌ಗಳು ಪದೇ ಪದೇ ಕೇಳುವ ಪ್ರಶ್ನೆಗಳು

ಸೇನೆಯಿಂದ ಹೊರಬಂದು ಬೆಂಗಳೂರಿನಲ್ಲಿ ಕೆಲಸ ಹಿಡಿದವರಿಗೆ ಸಂಬಳವಿಲ್ಲದ ಇನ್ನೊಂದು ಹುದ್ದೆಯೂ ಸಿಗುತ್ತದೆ. ಶಾರ್ಟ್ ಸರ್ವಿಸ್, ಅಂದರೆ ಹತ್ತು ವರ್ಷದ ಅವಧಿಗೆ ಸೇನೆ ಸೇರಿದ ಜೂನಿಯರ್ ಆಫೀಸರ್‌ಗಳ ಸಲಹೆಗಾರ. ರಾತ್ರಿ ಹತ್ತೂವರೆಗೆ ಮೆಸೇಜ್ ಬರುತ್ತದೆ: "ಗುಡ್ ಈವ್ನಿಂಗ್ ಸರ್, ಡಿಸ್ಟರ್ಬ್ ಮಾಡಿದ್ದಕ್ಕೆ ಸಾರಿ ಸರ್, ಒಂದು ಡೌಟ್ ಇತ್ತು ಸರ್." ಮೂರು ಸಲ ಸರ್ ಅಂದರೆ ಬಿಡುಗಡೆಗೆ ಇನ್ನೂ ಒಂದು ವರ್ಷ ಇದೆ. ಒಂದೇ ಸಲ ಅಂದರೆ ಮೂರು ತಿಂಗಳು. "ಹಾಯ್" ಅಂತ ಶುರುವಾದರೆ ಆಸಾಮಿ ಆಗಲೇ ಕಾರ್ಪೊರೇಟ್ ಸೇರಿಯಾಗಿದೆ. ಎಲ್ಲರೂ ಕೇಳುವುದು ಹೆಚ್ಚು ಕಡಿಮೆ ಅವೇ ಪ್ರಶ್ನೆಗಳು. ಉತ್ತರಗಳನ್ನು ಒಂದು ಕಡೆ ಬರೆದಿಟ್ಟಿದ್ದೇನೆ. ಇನ್ನು ಮುಂದೆ ಇದನ್ನೇ ಕಳಿಸಿ ಮಲಗುತ್ತೇನೆ.

ಸೇನೆ ಚಿಕ್ಕದಾಗ್ತಿದೆಯಂತೆ. ನನ್ನನ್ನೂ ತೆಗೆದುಹಾಕ್ತಾರಾ ಸರ್?

ಇಲ್ಲ. ನೀವೇ ಸಹಿ ಹಾಕಿ ಬಂದಿದ್ದೀರಿ. ಆಫೀಸರ್‌ಗಳ ತರಬೇತಿ ಅಕಾಡೆಮಿಯಾದ ಚೆನ್ನೈ ಓಟಿಎಯಲ್ಲಿ 49 ವಾರ ಬೆವರು ಹರಿಸಿ, ಪಾಸಿಂಗ್ ಔಟ್ ದಿನ ಅಪ್ಪ ಅಮ್ಮನ ಕೈಯಲ್ಲಿ ಹೆಗಲಿಗೆ ನಕ್ಷತ್ರ ಹಾಕಿಸಿಕೊಂಡ ಖುಷಿಯಲ್ಲಿ ಷರತ್ತು ಯಾರಿಗೆ ನೆನಪಿರುತ್ತದೆ? ಷರತ್ತು ಇಷ್ಟೇ. 10 ವರ್ಷ ಸೇವೆ. ಆಮೇಲೆ ಆಯ್ಕೆ ಬೋರ್ಡ್ ಕೂರುತ್ತದೆ. ಪರ್ಮನೆಂಟ್ ಕಮಿಷನ್, ಅಂದರೆ ಕಾಯಂ ನೌಕರಿ, ಸಿಕ್ಕರೆ ನಿವೃತ್ತಿ ತನಕ ಉಳಿಯುತ್ತೀರಿ. ಸಿಗದಿದ್ದರೆ ಇನ್ನೊಂದು 4 ವರ್ಷದ ವಿಸ್ತರಣೆ. ಅದೂ ಬೇಡವೆಂದರೆ ಊರು.

ಸೇನೆ ಚಿಕ್ಕದಾಗುವುದು ಬೇರೆ ಕಥೆ. ಲೆಫ್ಟಿನೆಂಟ್ ಜನರಲ್ ಶೇಕಟ್ಕರ್ ಸಮಿತಿ 2016ರ ಡಿಸೆಂಬರಿನಲ್ಲಿ ವರದಿ ಕೊಟ್ಟಿತು. ಹಲ್ಲು ಜಾಸ್ತಿ ಮಾಡಿ, ಬಾಲ ಕಡಿಮೆ ಮಾಡಿ ಎನ್ನುವುದು ಅದರ ಸಾರ. ಹಲ್ಲು ಎಂದರೆ ಯುದ್ಧ ಮಾಡುವವರು. ಬಾಲ ಎಂದರೆ ಅವರಿಗೆ ಅನ್ನ, ಡೀಸೆಲ್, ಟಯರ್, ಅಂಚೆ ತಲುಪಿಸುವವರು. 2017ರ ಆಗಸ್ಟಿನಲ್ಲಿ ಸರ್ಕಾರ 65 ಶಿಫಾರಸುಗಳನ್ನು ಜಾರಿಗೆ ತರಲು ಒಪ್ಪಿತು. ಆಫೀಸರ್, ಜೆಸಿಒ (ಜವಾನನಿಗೂ ಆಫೀಸರ್‌ಗೂ ನಡುವಿನ ದರ್ಜೆ), ಜವಾನ, ಸಿವಿಲಿಯನ್ ಎಲ್ಲ ಸೇರಿ ಸುಮಾರು 57,000 ಹುದ್ದೆಗಳನ್ನು ಅಲ್ಲಿಂದ ಇಲ್ಲಿಗೆ ಹೊಂದಿಸುತ್ತೇವೆ ಎಂದಿತು. ಆ ದಿನದಿಂದ ಪ್ರತಿ ಮೆಸ್‌ನಲ್ಲೂ ಇನ್‌ಫೆಂಟ್ರಿಯವನು ಊಟದ ನಂತರ ಸಪ್ಲೈ ಕೋರ್‌ನವನ ಬೆನ್ನು ತಟ್ಟಿ "ಏನಪ್ಪಾ ಬಾಲ" ಎನ್ನುವುದು ಸಂಪ್ರದಾಯ. ಅವನು ಮರುದಿನ ರೇಷನ್ ಗಾಡಿ ಎರಡು ಗಂಟೆ ತಡವಾಗಿ ಕಳಿಸುವುದೂ ಸಂಪ್ರದಾಯ.

ಒಂದು ಕಡೆ ಆಫೀಸರ್‌ಗಳು ಸಾಕಾಗ್ತಿಲ್ಲ ಅಂತಾರೆ. ಇನ್ನೊಂದು ಕಡೆ ನಮ್ಮನ್ನ ಮನೆಗೆ ಕಳಿಸ್ತಾರೆ. ಇದೇನು ಲೆಕ್ಕ?

ಎಲ್ಲರೂ ಕೇಳುವ ಪ್ರಶ್ನೆ ಇದೇ. ಕೇಳುವವರು ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿರುತ್ತಾರೆ.

ಸೇನೆಯಲ್ಲಿ ಸಾವಿರಾರು ಆಫೀಸರ್ ಹುದ್ದೆಗಳು ಖಾಲಿ ಇವೆ. ಸಂಸತ್ತಿನಲ್ಲೇ ಸರ್ಕಾರ ಮತ್ತೆ ಮತ್ತೆ ಹೇಳಿದೆ. ಆದರೆ ಖಾಲಿ ಇರುವುದು ಕೆಳಗೆ. ಬೆಟ್ಟ ಹತ್ತುವ ಕ್ಯಾಪ್ಟನ್ ಬೇಕು, ರಾತ್ರಿ ಗಸ್ತು ಹೋಗುವ ಲೆಫ್ಟಿನೆಂಟ್ ಬೇಕು. ಅವನಿಗೆ ವಯಸ್ಸಾಗಿ, ಮೊಣಕಾಲು ನೋವು ಬಂದು, ಕರ್ನಲ್ ಆಗಬೇಕು ಎಂಬ ಆಸೆ ಹುಟ್ಟಿದರೆ ಅಲ್ಲಿ ಜಾಗ ಇಲ್ಲ. ಎ.ವಿ. ಸಿಂಗ್ ಸಮಿತಿಯ ಶಿಫಾರಸು 2004ರಲ್ಲಿ ಜಾರಿಯಾದ ಮೇಲೆ 2 ವರ್ಷಕ್ಕೆ ಕ್ಯಾಪ್ಟನ್, 6ಕ್ಕೆ ಮೇಜರ್, 13ಕ್ಕೆ ಲೆಫ್ಟಿನೆಂಟ್ ಕರ್ನಲ್ ಎಂದು ಬಸ್ ಸ್ಟಾಪ್‌ಗಳ ಥರ ಬಡ್ತಿ ಬರುತ್ತದೆ. ಕರ್ನಲ್‌ನಿಂದ ಮೇಲೆ ಆಯ್ಕೆ. ಅಲ್ಲಿ ಬಸ್ ನಿಲ್ಲುವುದಿಲ್ಲ, ಓಡಿ ಹತ್ತಬೇಕು.

ಇನ್ನು ದುಡ್ಡು. 2025–26ರ ರಕ್ಷಣಾ ಬಜೆಟ್ ಸುಮಾರು 6.81 ಲಕ್ಷ ಕೋಟಿ. ಅದರಲ್ಲಿ ಪಿಂಚಣಿಗೇ ಸುಮಾರು 1.6 ಲಕ್ಷ ಕೋಟಿ ಹೋಗುತ್ತದೆ. ಆಫೀಸರ್‌ಗೆ ಪಿಂಚಣಿ ಬರಬೇಕಾದರೆ 20 ವರ್ಷ ಸೇವೆ ಆಗಿರಬೇಕು. ನಿಮಗೆ ಕೊಟ್ಟಿರುವುದು 10, ಜಾಸ್ತಿ ಅಂದರೆ 14. ಇದನ್ನು ಯಾರೋ ಕೂತು ಲೆಕ್ಕ ಹಾಕಿ ಮಾಡಿದ್ದಾರೆ ಎಂದು ನಾನು ಹೇಳುತ್ತಿಲ್ಲ. 14 ಸಂಖ್ಯೆ 20ಕ್ಕಿಂತ ಚಿಕ್ಕದು ಎಂದಷ್ಟೇ ಹೇಳುತ್ತಿದ್ದೇನೆ.

ಈ ಕಷ್ಟ ನಮ್ಮ ಕಾಲಕ್ಕೇ ಬಂದಿದ್ದಾ?

ಅಷ್ಟು ಸ್ಪೆಷಲ್ ಅಲ್ಲ ನೀವು. ಮೊದಲ ಮಹಾಯುದ್ಧ ಮುಗಿದ ಮೇಲೆ ಬ್ರಿಟನ್ ಖಜಾನೆ ಬರಿದಾಯಿತು. ಎರಿಕ್ ಗೆಡ್ಡೆಸ್ ಎಂಬಾತನ ಸಮಿತಿ ಖರ್ಚು ಕಡಿಮೆ ಮಾಡಿ ಎಂದು 1922ರಲ್ಲಿ ವರದಿ ಕೊಟ್ಟಿತು. ಆ ಕಡಿತಕ್ಕೆ ಜನ ಗೆಡ್ಡೆಸ್ ಕೊಡಲಿ ಎಂದೇ ಹೆಸರಿಟ್ಟರು. ಪದಕ ತೊಟ್ಟ ಎಷ್ಟೋ ಕ್ಯಾಪ್ಟನ್‌ಗಳು ಕೈಗೆ ಬಂದ ಗ್ರಾಚ್ಯುಟಿ ಹಾಕಿ ಕೋಳಿ ಫಾರಂ ಶುರು ಮಾಡಿದರು. ಕೋಳಿಗಳಿಗೆ ಪದಕದ ಮೇಲೆ ಗೌರವ ಇರಲಿಲ್ಲ, ಬಹಳಷ್ಟು ಫಾರಂಗಳು ಮುಳುಗಿದವು.

ಎರಡನೇ ಮಹಾಯುದ್ಧದ ಕೊನೆಗೆ ಭಾರತೀಯ ಸೇನೆಯಲ್ಲಿ 25 ಲಕ್ಷದಷ್ಟು ಜನ ಇದ್ದರು. ಯುದ್ಧ ಮುಗಿಯಿತು, ಅವರಲ್ಲಿ ಹೆಚ್ಚಿನವರಿಗೆ ಕೆಲಸವೂ ಮುಗಿಯಿತು. ಅಮೆರಿಕದಲ್ಲಿ 2014ರಲ್ಲಿ ಒಂದು ಸಾವಿರಕ್ಕೂ ಜಾಸ್ತಿ ಕ್ಯಾಪ್ಟನ್‌ಗಳಿಗೆ "ಧನ್ಯವಾದ, ಹೋಗಿ ಬನ್ನಿ" ಎಂದರು. ಕೆಲವರಿಗೆ ಈ ಸುದ್ದಿ ತಲುಪಿದ್ದು ಅಫ್ಘಾನಿಸ್ತಾನದಲ್ಲಿ ಡ್ಯೂಟಿಯಲ್ಲಿದ್ದಾಗ. ನಿಮಗೆ ಕನಿಷ್ಠ ಮನೆಗೆ ರಜೆ ಹಾಕಿ ಹೋಗಿ ಅಳುವ ಅನುಕೂಲ ಇದೆ.

ಹೊಟ್ಟೆ ಉರಿಯಬೇಕು ಅಂತಿದ್ದರೆ ಇದನ್ನು ಕೇಳಿ. 1962ರ ಚೀನಾ ಯುದ್ಧದ ನಂತರ ಅವಸರದಲ್ಲಿ ಎಮರ್ಜೆನ್ಸಿ ಕಮಿಷನ್ ಕೊಟ್ಟು ಸಾವಿರಾರು ಹುಡುಗರನ್ನು ಆಫೀಸರ್ ಮಾಡಿದರು. ಕೆಲವು ವರ್ಷಕ್ಕೆ ಅವರೂ ಹೊರಬಂದರು. ಆಗ ಸರ್ಕಾರ ಅವರಿಗಾಗಿ ಐಎಎಸ್, ಐಪಿಎಸ್‌ನಲ್ಲೇ ಸೀಟು ಕಾದಿಟ್ಟಿತು. ಎಷ್ಟೋ ಜನ ಎಸ್‌ಪಿ, ಡಿಐಜಿ ಆಗಿ ನಿವೃತ್ತರಾದರು. ನಿಮಗೆ ಕಾದಿಟ್ಟಿರುವುದು ಏನು ಎಂದು ಮುಂದೆ ಬರುತ್ತದೆ.

ಸೇನೆಯ ಹಸುಗಳಿಗೂ ಇದೇ ಗತಿ ಆಯ್ತಂತೆ, ನಿಜವಾ?

ನಿಜ. ಆದರೆ ಹಸುಗಳ ಗತಿ ನಿಮಗಿಂತ ಚೆನ್ನಾಗಿತ್ತು.

ಸೇನೆಯ ಮೊದಲ ಹಾಲಿನ ಫಾರಂ 1889ರ ಫೆಬ್ರವರಿ 1ರಂದು ಅಲಹಾಬಾದಿನಲ್ಲಿ ಶುರುವಾಯಿತು. ಆಗ ಪ್ಯಾಕೆಟ್ ಹಾಲು ಇರಲಿಲ್ಲ. ಬ್ರಿಟಿಷ್ ಸೈನಿಕರಿಗೆ ಒಳ್ಳೆ ಹಾಲು ಬೇಕಿತ್ತು. ಫಾರಂಗಳು ದೇಶವೆಲ್ಲ ಹರಡಿದವು. ಕೃಷಿ ಸಂಶೋಧನಾ ಮಂಡಳಿ ಜೊತೆ ಸೇರಿ ಫ್ರೀಸ್ವಾಲ್ ಎಂಬ ಮಿಶ್ರತಳಿಯನ್ನೂ ಬೆಳೆಸಿದರು. 2017ರಲ್ಲಿ ಉಳಿದಿದ್ದ 39 ಫಾರಂಗಳನ್ನು ಮುಚ್ಚುವ ನಿರ್ಧಾರ ಆಯಿತು. 2021ರ ಮಾರ್ಚ್ 31ಕ್ಕೆ ಪೂರ್ತಿ ಬಾಗಿಲು ಹಾಕಿದರು. 132 ವರ್ಷದ ಸೇವೆ. ಬೀಳ್ಕೊಡುಗೆ ಸಮಾರಂಭವೂ ನಡೆಯಿತು.

ಈಗ ಗಮನಿಸಿ. ಹಸುಗಳನ್ನು ಸುಮ್ಮನೆ ಬೀದಿಗೆ ಬಿಡಲಿಲ್ಲ. ಸರ್ಕಾರಿ ಇಲಾಖೆಗಳಿಗೆ, ಹಾಲು ಸಹಕಾರ ಸಂಘಗಳಿಗೆ ವರ್ಗ ಮಾಡಿದರು. ಒಂದು ಹಸುವೂ ರೆಸ್ಯೂಮೆ ಬರೆಯಲಿಲ್ಲ. ಇಂಟರ್‌ವ್ಯೂನಲ್ಲಿ "ಐದು ವರ್ಷದ ನಂತರ ನೀವು ಎಲ್ಲಿರುತ್ತೀರಿ" ಎಂದು ಯಾರೂ ಅವುಗಳನ್ನು ಕೇಳಲಿಲ್ಲ. ಸೇವೆಯ ಅನುಭವ ಪೂರ್ತಿ ಪರಿಗಣನೆಗೆ ಬಂತು, ಕೆಲಸವೂ ಅದೇ ಕೆಲಸ. ನಾನು ಸೇನೆಯಲ್ಲಿ ನೋಡಿದ ಅತ್ಯುತ್ತಮ ಪುನರ್ವಸತಿ ಯೋಜನೆ ಇದೇ. ಹೊಸ ಕಡೆ ಅವು ಮುಂಜಾನೆ ಹಾಲು ಕೊಡುವ ಮೊದಲು ಹಾಜರಿಗೆ ನಿಂತಿದ್ದವಾ ಎಂಬ ಬಗ್ಗೆ ಮಾಹಿತಿ ಇಲ್ಲ.

ಹೊರಗೆ ಬಂದರೆ ನನಗೆ ಯಾವ ಕೆಲಸ ಸಿಗುತ್ತೆ ಸರ್? ನಿಜ ಹೇಳಿ.

ಸೆಕ್ಯುರಿಟಿ.

ನೀವು ಸಿಗ್ನಲ್ಸ್‌ನಲ್ಲಿ ಸ್ಯಾಟಲೈಟ್ ಕಮ್ಯುನಿಕೇಷನ್ ನೋಡಿಕೊಂಡಿದ್ದರೂ ಸೆಕ್ಯುರಿಟಿ. ಎಂಜಿನಿಯರ್ಸ್‌ನಲ್ಲಿ ನದಿಗೆ ಒಂದೇ ರಾತ್ರಿಯಲ್ಲಿ ಸೇತುವೆ ಹಾಕಿದ್ದರೂ ಸೆಕ್ಯುರಿಟಿ. ಎಚ್‌ಆರ್‌ನವರ ಮನಸ್ಸಿನಲ್ಲಿ ಸೇನೆ ಎಂದರೆ ಒಂದು ದೊಡ್ಡ ಗೇಟು, ಅದರ ಮುಂದೆ ನೀವು. "ಸೆಕ್ಯುರಿಟಿ ಅಂಡ್ ಅಡ್ಮಿನ್" ಎಂದು ಎರಡು ಪದ ಸೇರಿಸಿದರೆ ಅದು ದೊಡ್ಡ ಹುದ್ದೆ. ಅಡ್ಮಿನ್ ಭಾಗದಲ್ಲಿ ಏನು ಬರುತ್ತದೆ? ಕ್ಯಾಬ್, ಕ್ಯಾಂಟೀನ್, ಏಸಿ, ಬಾತ್‌ರೂಮಿನ ಟಿಶ್ಯೂ. ಸಿಯಾಚಿನ್ ಪೋಸ್ಟಿಗೆ ಸೀಮೆಎಣ್ಣೆ ತಲುಪಿಸಿದವನಿಗೆ ನಾಲ್ಕನೇ ಮಹಡಿಗೆ ಟಿಶ್ಯೂ ತಲುಪಿಸುವುದು ಏನು ಮಹಾ ಎಂದು ನೀವು ಅಂದುಕೊಳ್ಳುತ್ತೀರಿ. ಸಿಯಾಚಿನ್‌ನಲ್ಲಿ ಯಾರೂ ಟಿಕೆಟ್ ರೈಸ್ ಮಾಡುತ್ತಿರಲಿಲ್ಲ.

ಎರಡನೆಯದು ಗೋದಾಮು. ಆನ್‌ಲೈನ್ ಅಂಗಡಿಗಳಿಗೆ ಫೌಜಿಗಳು ಎಂದರೆ ಇಷ್ಟ. ರಾತ್ರಿ ಪಾಳಿ, ನೂರಾರು ಜನ, ಸಾವಿರಾರು ಪೆಟ್ಟಿಗೆ, ದೀಪಾವಳಿಗೆ ರಜೆ ಇಲ್ಲ. ಇದನ್ನು ಹೇಳಿದಾಗ ಬೇರೆ ಅಭ್ಯರ್ಥಿಗಳು ಬೆವರುತ್ತಾರೆ. ನಿಮಗೆ ಮಾತ್ರ "ಓ, ಹತ್ತು ವರ್ಷದಿಂದ ಇದೇ ತಾನೇ" ಅನ್ನಿಸುತ್ತದೆ. ನನ್ನ ಕೇಳಿದರೆ ಸೆಕ್ಯುರಿಟಿಗಿಂತ ಇದು ವಾಸಿ. ಕೆಲಸ ಕಲಿತರೆ ಮೇಲೆ ಹೋಗುವ ದಾರಿ ಇದೆ.

ಮೂರನೆಯದು ಅಪಾರ್ಟ್‌ಮೆಂಟ್ ಫೆಸಿಲಿಟಿ ಮ್ಯಾನೇಜರ್. ಬೆಂಗಳೂರಿನ ದೊಡ್ಡ ಅಪಾರ್ಟ್‌ಮೆಂಟುಗಳ ಅಸೋಸಿಯೇಷನ್ ಜಾಹೀರಾತುಗಳಲ್ಲಿ "ಮಾಜಿ ಸೇನಾಧಿಕಾರಿಗಳಿಗೆ ಆದ್ಯತೆ" ಎಂದು ಇರುತ್ತದೆ. ಓದಿ ಎದೆ ಉಬ್ಬುತ್ತದೆ. ಆಮೇಲೆ ಗೊತ್ತಾಗುತ್ತದೆ, ಆದ್ಯತೆ ಯಾಕೆ ಎಂದು. ಬಿ ಬ್ಲಾಕಿನವರು ಎ ಬ್ಲಾಕಿನವರ ಪಾರ್ಕಿಂಗಿನಲ್ಲಿ ಕಾರು ನಿಲ್ಲಿಸಿರುತ್ತಾರೆ. ಬೋರ್‌ವೆಲ್ ಬತ್ತಿರುತ್ತದೆ, ಟ್ಯಾಂಕರ್ ಬಂದಿರುವುದಿಲ್ಲ, ಕೊಳಚೆ ನೀರು ಶುದ್ಧ ಮಾಡುವ ಎಸ್‌ಟಿಪಿ ವಾಸನೆ ಹೊಡೆಯುತ್ತಿರುತ್ತದೆ. ನಾಯಿಗೆ ಅನ್ನ ಹಾಕುವವರ ಬಣ, ಹಾಕಬಾರದು ಎನ್ನುವವರ ಬಣ, ಎರಡೂ ಒಂದೇ ಲಿಫ್ಟಿನಲ್ಲಿ ಸಿಕ್ಕಿಹಾಕಿಕೊಂಡಿರುತ್ತವೆ. ಗಡಿಯಲ್ಲಿ ಫ್ಲಾಗ್ ಮೀಟಿಂಗ್ ಆದರೆ ಎರಡೂ ಕಡೆಯವರು ಕನಿಷ್ಠ ಚಹಾ ಕುಡಿದು ಎದ್ದು ಹೋಗುತ್ತಾರೆ. ಇಲ್ಲಿ ಜನರಲ್ ಬಾಡಿ ಮೀಟಿಂಗ್ ಮುಗಿಯುವುದೇ ಇಲ್ಲ. ಗುಂಡು ಹಾರಿಸುವ ಅಧಿಕಾರವೂ ಇಲ್ಲ.

ಐಐಎಂ ಕೋರ್ಸ್ ಮಾಡಿದರೆ ಸಾಕಾ?

ಪುನರ್ವಸತಿ ಮಹಾನಿರ್ದೇಶನಾಲಯ, ಅಂದರೆ ನಮ್ಮ ಡಿಜಿಆರ್, ಐಐಎಂಗಳಲ್ಲಿ ಆಫೀಸರ್‌ಗಳಿಗೇ ಎಂದು ಸುಮಾರು ಆರು ತಿಂಗಳ ಮ್ಯಾನೇಜ್‌ಮೆಂಟ್ ಕೋರ್ಸ್ ನಡೆಸುತ್ತದೆ. ಬನ್ನೇರುಘಟ್ಟ ರಸ್ತೆಯ ನಮ್ಮ ಐಐಎಂನಲ್ಲೂ ನಡೆದಿದೆ. ಫೀಸಿನಲ್ಲಿ ಒಂದು ಪಾಲು ನಿಮ್ಮ ಜೇಬಿನದ್ದು. ಮಾಡಿ. ಕಲಿಯುವುದಕ್ಕಿಂತ ಹೆಚ್ಚಾಗಿ ಮರೆಯುವುದಕ್ಕೆ ಬೇಕು.

ತರಗತಿಯಲ್ಲಿ ಪ್ರೊಫೆಸರ್ ಒಳಗೆ ಬಂದರೆ ಅರುವತ್ತು ಜನ ಒಟ್ಟಿಗೆ ಎದ್ದು ನಿಲ್ಲುತ್ತಾರೆ. ಪಾಪ, ಅವರು ಹೆದರಿ ಒಂದು ಹೆಜ್ಜೆ ಹಿಂದೆ ಹೋಗುತ್ತಾರೆ. ಶಾಂಪೂ ಕಂಪನಿಯ ಕೇಸ್ ಸ್ಟಡಿ ಕೊಟ್ಟರೆ ಮೊದಲ ಸ್ಲೈಡಿನಲ್ಲಿ "ಶತ್ರುವಿನ ಬಲ" ಬರುತ್ತದೆ, ಎರಡನೆಯದರಲ್ಲಿ "ನಮ್ಮ ಬಲ", ಮೂರನೆಯದರಲ್ಲಿ ಕೆಂಪು ನೀಲಿ ಬಾಣಗಳು, ಕೊನೆಗೆ ಅನುಬಂಧ ಎ ಇಂದ ಎಫ್ ತನಕ. ಗ್ರಾಹಕ ಎಲ್ಲಿ ಎಂದು ಪ್ರೊಫೆಸರ್ ಕೇಳಿದರೆ, "ಅವನನ್ನು ಪ್ಲಾನ್‌ನಲ್ಲಿ ರಿಸರ್ವ್ ಇಟ್ಟಿದ್ದೇವೆ ಸರ್" ಎನ್ನುತ್ತಾರೆ. ಪವರ್‌ಪಾಯಿಂಟ್ ವಿಷಯದಲ್ಲಿ ಮಾತ್ರ ಯಾವ ಎಂಬಿಎ ಹುಡುಗನೂ ನಿಮ್ಮ ಹತ್ತಿರ ಸುಳಿಯಲಾರ. ಬ್ರಿಗೇಡಿಯರ್ ಬರುತ್ತಾರೆ ಎಂದು ಒಂದೇ ಸ್ಲೈಡಿನ ಫಾಂಟ್ ಅನ್ನು ರಾತ್ರಿಯೆಲ್ಲ ಬದಲಿಸಿದ ಅನುಭವ ಅವರಿಗೆ ಎಲ್ಲಿಂದ ಬರಬೇಕು?

ಯುಪಿಎಸ್‌ಸಿ ಬರೆಯಬಹುದಲ್ವಾ? ನಮಗೆ ವಯಸ್ಸಿನ ರಿಯಾಯಿತಿ ಇದೆ.

ಇದೆ. ಸಿವಿಲ್ ಸರ್ವಿಸ್‌ಗೆ ಸಾಮಾನ್ಯ ಮಿತಿ 32. ಕನಿಷ್ಠ 5 ವರ್ಷ ಸೇವೆ ಮಾಡಿ ಅವಧಿ ಮುಗಿಸಿ ಬಂದ ಶಾರ್ಟ್ ಸರ್ವಿಸ್‌ನವರಿಗೆ ಮತ್ತೆ 5 ವರ್ಷ. ಅಂದರೆ 37. ನೀವು 24ಕ್ಕೆ ಸೇರಿ 34ಕ್ಕೆ ಹೊರಬಂದರೆ ಮೂರು ವರ್ಷ ಸಿಗುತ್ತದೆ. ಬೆಂಗಳೂರಿನ ವಿಜಯನಗರದ ಕೋಚಿಂಗ್ ಸೆಂಟರಿನಲ್ಲಿ 22 ವರ್ಷದ ಹುಡುಗರ ಪಕ್ಕ ಕೂರಬೇಕು, ಅವರು ಅಂಕಲ್ ಎನ್ನುತ್ತಾರೆ, ತಡೆದುಕೊಳ್ಳಿ.

ಕೇಂದ್ರ ಸಶಸ್ತ್ರ ಪಡೆಗಳಲ್ಲಿ ಅಸಿಸ್ಟೆಂಟ್ ಕಮಾಂಡೆಂಟ್ ಹುದ್ದೆಗೆ ಮಾಜಿ ಸೈನಿಕರ ಮೀಸಲಾತಿ ಇದೆ. ಶೇಕಡಾ 10. ವಯೋಮಿತಿ 25, ರಿಯಾಯಿತಿ ಸೇರಿ 30. ನೀವು ಹೊರಬರುವುದು 34ಕ್ಕೆ. ಬಾಗಿಲು ತೆರೆದೇ ಇದೆ, ನೀವು ನಾಲ್ಕು ವರ್ಷ ಮೊದಲು ಬರಬೇಕಿತ್ತು ಅಷ್ಟೇ. ಗ್ರೂಪ್ ಸಿ ಹುದ್ದೆಗಳಲ್ಲೂ ಮೀಸಲಾತಿ ಇದೆ. ಮೇಜರ್ ಸಾಹೇಬರು ಕ್ಲರ್ಕ್ ಹುದ್ದೆಗೆ ಅರ್ಜಿ ಹಾಕಿದರೆ ಯಾರೂ ಬೇಡ ಎನ್ನುವುದಿಲ್ಲ. ಪರೀಕ್ಷಾ ಹಾಲಿನಲ್ಲಿ ಮುಂದಿನ ಬೆಂಚಿನಲ್ಲಿ ನಿಮ್ಮದೇ ಹಳೆಯ ಹವಾಲ್ದಾರ್ ಕೂತಿರುವ ಸಾಧ್ಯತೆ ಇದೆ. ಟೈಪಿಂಗ್ ಅವರಿಗೇ ಚೆನ್ನಾಗಿ ಬರುತ್ತದೆ, ಅದು ನಿಮಗೂ ಗೊತ್ತು.

ರೆಸ್ಯೂಮೆ ಹೇಗೆ ಬರೆಯಲಿ? ನನ್ನ ಕೆಲಸ ಅವರಿಗೆ ಅರ್ಥವೇ ಆಗ್ತಿಲ್ಲ.

ಎರಡು ಕಾಯಿಲೆ ನೋಡಿದ್ದೇನೆ. ಒಂದು, ಏಳು ಪುಟ ಬರೆದು ಮೂರನೇ ಪ್ಯಾರಾದ ಉಪಪ್ಯಾರಾ (ಬಿ)ಯಲ್ಲಿ ಫೋನ್ ನಂಬರ್ ಕೊಡುವವರು. ಇನ್ನೊಂದು, ಲಿಂಕ್ಡ್‌ಇನ್ ನೋಡಿ ಕೆಟ್ಟವರು. "ಅತಿ ಎತ್ತರದ ಪ್ರದೇಶದಲ್ಲಿ ಬಹುಶಿಸ್ತೀಯ ತಂಡವನ್ನು ಮುನ್ನಡೆಸಿ ಪಾಲುದಾರರ ನಿರೀಕ್ಷೆ ಮೀರಿದೆ" ಎಂದು ಒಬ್ಬ ಬರೆದಿದ್ದ. ಏನಪ್ಪಾ ಅದು ಎಂದು ಕೇಳಿದೆ. ಹಿಮದಲ್ಲಿ ಸಿಕ್ಕಿಬಿದ್ದ ಲಾರಿಯನ್ನು ಇಪ್ಪತ್ತು ಜನ ತಳ್ಳಿದ್ದಂತೆ. ಲಾರಿ ತಳ್ಳಿದ್ದು ಬರಿ, ಅದೇ ಚೆನ್ನಾಗಿದೆ ಎಂದೆ.

ನಾಗರಿಕರ ಭಾಷೆಗೆ ತರಬೇಕು, ಆದರೆ ಸತ್ಯ ಇರಬೇಕು. ಅಡ್ಜುಟೆಂಟ್ ಆಗಿದ್ದಿರಾ? ಏಳುನೂರು ಎಂಟುನೂರು ಜನರ ರಜೆ, ಶಿಸ್ತು, ದಾಖಲೆ, ಜಗಳ ಎಲ್ಲ ನಿಮ್ಮ ಮೇಜಿನ ಮೇಲೆ ಬಂದಿದೆ. ಅದು ಎಚ್‌ಆರ್ ಕೆಲಸ. ಕ್ವಾರ್ಟರ್‌ಮಾಸ್ಟರ್ ಆಗಿದ್ದಿರಾ? ಅದು ದಾಸ್ತಾನು. ಕೋರ್ಟ್ ಆಫ್ ಎನ್‌ಕ್ವೈರಿ ಬರೆದಿದ್ದೀರಾ? ಅದು ಆಂತರಿಕ ತನಿಖೆ, ಅದಕ್ಕೂ ಬೆಲೆ ಇದೆ. ಮೆಸ್ ಸೆಕ್ರೆಟರಿ ಆಗಿದ್ದರೆ ದಯವಿಟ್ಟು ಎಲ್ಲಕ್ಕಿಂತ ಮೇಲೆ ಹಾಕಿ. ಸೀನಿಯರ್‌ಗಳ ಪತ್ನಿಯರು ಪನೀರ್ ಬಗ್ಗೆ ಹೇಳಿದ್ದನ್ನು ಮುಖದಲ್ಲಿ ನಗು ಇಟ್ಟುಕೊಂಡು ಕೇಳಿದವನಿಗಿಂತ ಒಳ್ಳೆಯ ಕಸ್ಟಮರ್ ಸರ್ವಿಸ್ ಮ್ಯಾನೇಜರ್ ಇಲ್ಲ.

ಸಂಬಳದ ಲೆಕ್ಕ ಹೇಗೆ?

ಏಳನೇ ವೇತನ ಆಯೋಗದಲ್ಲಿ ಮೇಜರ್‌ನ ಮೂಲ ವೇತನ ಶುರುವಾಗುವುದು 69,400ಕ್ಕೆ. ಮೇಲೆ ಸೇನಾ ಸೇವಾ ವೇತನ 15,500, ತುಟ್ಟಿಭತ್ಯೆ, ಜಾಗ ನೋಡಿ ಬೇರೆ ಭತ್ಯೆಗಳು. ಇದು ಕೈಗೆ ಬರುವುದು. ಕೈಯಿಂದ ಹೋಗದೆ ಉಳಿಯುವುದನ್ನೂ ಸೇರಿಸಿ. ಮನೆ, ಡಾಕ್ಟರು, ಮಕ್ಕಳ ಆರ್ಮಿ ಸ್ಕೂಲು, ಬೆಳಿಗ್ಗೆ ಬೂಟಿಗೆ ಪಾಲಿಶ್. ಬೆಂಗಳೂರಿನ ಓನರ್ ಹತ್ತು ತಿಂಗಳ ಅಡ್ವಾನ್ಸ್ ಕೇಳಿದ ದಿನ ಸರ್ಕಾರಿ ಕ್ವಾರ್ಟರ್ಸಿನ ಸೋರುವ ಛಾವಣಿ ಅರಮನೆಯಾಗಿ ಕಾಣುತ್ತದೆ.

ಪಿಂಚಣಿ ಇಲ್ಲ, ಗ್ರಾಚ್ಯುಟಿ ಇದೆ. 2019ರಲ್ಲಿ ಶಾರ್ಟ್ ಸರ್ವಿಸ್‌ನವರಿಗೂ ಮಾಜಿ ಸೈನಿಕರ ಇಸಿಎಚ್‌ಎಸ್ ಆಸ್ಪತ್ರೆ ಸೌಲಭ್ಯ ಕೊಡಲು ಸರ್ಕಾರ ಒಪ್ಪಿದೆ, ಒಂದೇ ಸಲ ಹಣ ಕಟ್ಟಿ ಸದಸ್ಯರಾಗಿ. ಇದನ್ನು ಮಾತ್ರ ತಮಾಷೆ ಎಂದು ಬಿಡಬೇಡಿ, ಹೊರಬಂದ ಕೂಡಲೇ ಮಾಡಿಸಿ. ಕ್ಯಾಂಟೀನ್ ಕಾರ್ಡ್ ಬಗ್ಗೆ ನಾನು ಹೇಳಬೇಕಾಗಿಲ್ಲ. ನಿಮ್ಮ ಭಾವ, ಷಡ್ಡಕ, ಅವರ ಆಫೀಸಿನವರು, ಎಲ್ಲರೂ ನೆನಪಿಸುತ್ತಾರೆ. ನೀವು ಸೇನೆ ಬಿಟ್ಟಿದ್ದಕ್ಕೆ ಅವರಲ್ಲಿ ಯಾರಿಗೂ ಬೇಜಾರಿಲ್ಲ, ಕಾರ್ಡ್ ಉಳಿಯುತ್ತಾ ಎಂಬ ಒಂದೇ ಚಿಂತೆ.

ಸ್ವಂತ ಬಿಸಿನೆಸ್? ಕ್ಯಾಪ್ಟನ್ ಗೋಪಿನಾಥ್ ಮಾಡಲಿಲ್ವಾ?

ಬಂತು ನೋಡಿ. ಪ್ರತಿ ಕನ್ನಡ ಕುಟುಂಬದಲ್ಲೂ ಒಬ್ಬ ಚಿಕ್ಕಪ್ಪ ಇರುತ್ತಾರೆ, ನೀವು ಸೇನೆ ಬಿಡುವ ಸುದ್ದಿ ತಿಳಿದ ಅರ್ಧ ಗಂಟೆಯಲ್ಲಿ ಗೋಪಿನಾಥ್ ಹೆಸರು ಹೇಳುತ್ತಾರೆ. "ಗೊರೂರಿನ ಹುಡುಗ, ಕ್ಯಾಪ್ಟನ್ ಆಗಿದ್ದಾಗಲೇ ಬಿಟ್ಟು ಬಂದು ವಿಮಾನ ಕಂಪನಿ ಕಟ್ಟಿದ. ನೀನು ಮೇಜರ್ ಬೇರೆ."

ಚಿಕ್ಕಪ್ಪ ಹೇಳದೆ ಬಿಡುವುದು ನಡುವಿನ ಭಾಗ. ಸೇನೆ ಬಿಟ್ಟಿದ್ದಕ್ಕೂ 2003ರಲ್ಲಿ ಏರ್ ಡೆಕ್ಕನ್ ಹಾರಿದ್ದಕ್ಕೂ ನಡುವೆ ಎರಡು ದಶಕಕ್ಕೂ ಜಾಸ್ತಿ ಸಮಯ ಇದೆ. ಆ ಮನುಷ್ಯ ಹಾಸನದ ಹತ್ತಿರ ಬರಡು ಜಮೀನಿನಲ್ಲಿ ಟೆಂಟ್ ಹಾಕಿದರು. ತೆಂಗು ಬೆಳೆದರು, ರೇಷ್ಮೆ ಹುಳು ಸಾಕಿದರು, ಎನ್‌ಫೀಲ್ಡ್ ಬೈಕ್ ಡೀಲರ್‌ಶಿಪ್ ಮಾಡಿದರು, ಹೋಟೆಲ್ ಇಟ್ಟರು. ಕೃಷಿ ಕೆಲಸಕ್ಕೆ 1996ರಲ್ಲಿ ರೋಲೆಕ್ಸ್ ಪ್ರಶಸ್ತಿ ಬಂತು. ಆಮೇಲೆ ಹೆಲಿಕಾಪ್ಟರ್, ಆಮೇಲೆ ವಿಮಾನ. ನಿಮಗೆ ಅಷ್ಟು ತಾಳ್ಮೆ ಇದ್ದರೆ ಖಂಡಿತ ಮಾಡಿ. ರೇಷ್ಮೆ ಹುಳುವಿನ ಹಂತದಲ್ಲಿ ಚಿಕ್ಕಪ್ಪ ಫೋನ್ ಎತ್ತುವುದಿಲ್ಲ ಎಂಬುದು ನೆನಪಿರಲಿ.

ಪೆಟ್ರೋಲ್ ಬಂಕ್, ಕಲ್ಲಿದ್ದಲು ಲಾರಿ, ಇವೆಲ್ಲ?

ಡಿಜಿಆರ್ ಯೋಜನೆಗಳು ಇವೆ. ತೈಲ ಕಂಪನಿಗಳ ಸ್ವಂತ ಬಂಕ್‌ಗಳನ್ನು ನೋಡಿಕೊಳ್ಳುವುದು, ಗಣಿಯಿಂದ ಕಲ್ಲಿದ್ದಲು ಸಾಗಿಸುವುದು, ಸೆಕ್ಯುರಿಟಿ ಏಜೆನ್ಸಿ ನಡೆಸುವುದು. ಸೆಕ್ಯುರಿಟಿ ಏಜೆನ್ಸಿ ಅಂದರೆ ಗೇಟಿನ ಮುಂದೆ ನಿಲ್ಲುವ ಬದಲು, ಗೇಟಿನ ಮುಂದೆ ನಿಲ್ಲುವವರನ್ನು ಹುಡುಕುವುದು. ಕಾಗದ ಪತ್ರ ಜಾಸ್ತಿ, ಸರದಿ ಉದ್ದ. ಕಾಯುವ ಅಭ್ಯಾಸ ನಿಮಗಿದೆ.

ನಾನು ಮಹಿಳಾ ಆಫೀಸರ್. ನನಗೆ ಬೇರೆ ಉತ್ತರ ಇದೆಯಾ?

ಸ್ವಲ್ಪ ಬೇರೆ. 1992ರಿಂದ ಮಹಿಳೆಯರನ್ನು ಶಾರ್ಟ್ ಸರ್ವಿಸ್‌ಗೆ ತೆಗೆದುಕೊಂಡರು. ಬಹುಪಾಲು ವಿಭಾಗಗಳಲ್ಲಿ ಪರ್ಮನೆಂಟ್ ಕಮಿಷನ್ ಕೇಳಿದರೆ ಇಲ್ಲ ಎಂದರು. ಹಳ್ಳಿಯಿಂದ ಬಂದ ಜವಾನರು ಮಹಿಳೆಯ ಆದೇಶ ಒಪ್ಪಲು ಮಾನಸಿಕವಾಗಿ ತಯಾರಾಗಿಲ್ಲ ಎಂಬ ವಾದವನ್ನೂ ಕೋರ್ಟಿನಲ್ಲಿ ಇಟ್ಟರು. ಇದನ್ನು ಬರೆದವರು ಯಾವ ಹಳ್ಳಿ ನೋಡಿದ್ದರೋ. ನಮ್ಮ ಕಡೆ ಹಳ್ಳಿಯಲ್ಲಿ ಅಜ್ಜಿ ಹೇಳಿದ ಮೇಲೆ ಊಟಕ್ಕೆ ಕೂರುವುದು, ಅಜ್ಜಿ ಹೇಳಿದ ಮೇಲೆ ಏಳುವುದು. ಸುಪ್ರೀಂ ಕೋರ್ಟ್ 2020ರ ಫೆಬ್ರವರಿ 17ರಂದು ಆ ವಾದವನ್ನು ತಳ್ಳಿ ಪರ್ಮನೆಂಟ್ ಕಮಿಷನ್ ಕೊಡಿ ಎಂದಿತು. ಆದರೂ ಬೋರ್ಡ್ ಬೋರ್ಡೇ. 2025ರ ಮೇ ತಿಂಗಳಲ್ಲೂ ಬಿಡುಗಡೆ ವಿರುದ್ಧ ಮಹಿಳಾ ಆಫೀಸರ್‌ಗಳು ಅದೇ ಕೋರ್ಟಿನಲ್ಲಿದ್ದರು. ಸೇನೆ ಯುವಕರಿಂದ ತುಂಬಿರಬೇಕು ಎಂಬುದು ಸರ್ಕಾರದ ಮಾತು. ಮುಂದಿನ ವಿಚಾರಣೆ ತನಕ ಅವರನ್ನು ಬಿಡುಗಡೆ ಮಾಡಬೇಡಿ ಎಂದಿತು ಕೋರ್ಟು. ಹೊರಬಂದರೆ ಒಂದು ಅನುಕೂಲ ಇದೆ, ನಿಮ್ಮನ್ನು ನೋಡಿ ಯಾರೂ ತಕ್ಷಣ ಸೆಕ್ಯುರಿಟಿ ಎನ್ನುವುದಿಲ್ಲ. ಎಚ್‌ಆರ್ ಎನ್ನುತ್ತಾರೆ.

ಅಗ್ನಿವೀರರೂ ಹೊರಗೆ ಬರ್ತಾರಲ್ಲ. ಸರದಿಯಲ್ಲಿ ಯಾರು ಮುಂದೆ?

ಅಗ್ನಿಪಥ ಯೋಜನೆ ಘೋಷಣೆಯಾಗಿದ್ದು 2022ರ ಜೂನ್ 14ರಂದು. 4 ವರ್ಷ ಸೇವೆ, ಶೇಕಡಾ 25ರ ತನಕ ಉಳಿಸಿಕೊಳ್ಳುತ್ತಾರೆ, ಉಳಿದವರಿಗೆ ಸುಮಾರು 11.71 ಲಕ್ಷದ ಸೇವಾ ನಿಧಿ. ಅವರಿಗೆ ಪೊಲೀಸ್ ಇಲಾಖೆ, ಅರೆಸೇನಾ ಪಡೆ ಎಂದು ಎಲ್ಲ ಕಡೆಯಿಂದ ಮೀಸಲಾತಿಯ ಮಾತು ಬಂದಿದೆ. ಆ ಹುಡುಗರ ಕಷ್ಟ ಸಣ್ಣದಲ್ಲ, ಅದನ್ನು ತಮಾಷೆ ಮಾಡಲು ನನಗೆ ಮನಸ್ಸಿಲ್ಲ. ಆದರೆ ಒಂದೇ ಇಂಟರ್‌ವ್ಯೂ ಹಾಲಿನ ಹೊರಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕಂಪನಿ ಕಮಾಂಡರೂ ಅವನ ಅಗ್ನಿವೀರನೂ ಅಕ್ಕಪಕ್ಕ ಕೂತು, ಇವನು ಎದ್ದು ಸೆಲ್ಯೂಟ್ ಹೊಡೆಯಲಾ ಬೇಡವಾ ಎಂದು ಯೋಚಿಸುತ್ತಾ, ಅವನು ಈ ಹುಡುಗನಿಗೆ ನನಗಿಂತ ಮೊದಲು ಕೆಲಸ ಸಿಕ್ಕಿಬಿಡುತ್ತಾ ಎಂದು ಯೋಚಿಸುವ ದಿನ ದೂರ ಇಲ್ಲ.

ಹೆಸರಿನ ಮುಂದೆ "ಮೇಜರ್" ಹಾಕಿಕೊಳ್ಳಬಹುದಾ?

ಹಾಕಿಕೊಳ್ಳಿ, ಹೆಸರಿನ ಕೊನೆಗೆ ನಿವೃತ್ತ ಎಂದೂ ಹಾಕಿ. ಪಂಜಾಬಿನ ಅಮರಿಂದರ್ ಸಿಂಗ್ ಅರುವತ್ತರ ದಶಕದಲ್ಲಿ ಕೆಲವೇ ವರ್ಷ ಸೇನೆಯಲ್ಲಿದ್ದರು, ಮುಖ್ಯಮಂತ್ರಿ ಆದ ಮೇಲೂ ಜನರಿಗೆ ಅವರು ಕ್ಯಾಪ್ಟನ್. ಮದುವೆ ಕಾರ್ಡ್, ಮನೆ ಬೋರ್ಡ್, ಹಾಲಿನವನ ಪುಸ್ತಕ, ಎಲ್ಲ ಕಡೆ ಚೆನ್ನಾಗಿ ಕಾಣುತ್ತದೆ. ಆಫೀಸಿನ ಇಮೇಲ್‌ನಲ್ಲಿ ಬೇಡ. 27 ವರ್ಷದ ಬಾಸ್ ನಿಮ್ಮನ್ನು "ಬ್ರೋ" ಎಂದು ಕರೆಯುತ್ತಾನೆ, "ಮೇಜರ್ ಬ್ರೋ" ಎಂದರೆ ಕೇಳಲು ಚೆನ್ನಾಗಿರುವುದಿಲ್ಲ.

ಮನೆಯಲ್ಲಿ ಹೆಂಡತಿ ಬೇಜಾರಾಗಿದ್ದಾಳೆ. ಏನು ಮಾಡಲಿ?

ಈ ಪ್ರಶ್ನೆ ನಿಮ್ಮ ಮನೆಯವರಿಂದಲೂ ಬಂದಿದೆ. ಅವರ ಮಾತು ಹೀಗಿದೆ: "ಅಣ್ಣಾ, ಇವರು ಬೆಳಿಗ್ಗೆ ಆರಕ್ಕೆ ಅಡುಗೆ ಮನೆ ಇನ್‌ಸ್ಪೆಕ್ಷನ್ ಮಾಡ್ತಾರೆ. ಬೇಳೆ ಡಬ್ಬಕ್ಕೆ ನಂಬರ್ ಹಾಕಿದ್ದಾರೆ. ನಮ್ಮತ್ತೆ ಕಾಫಿ ಎರಡನೇ ಸಲ ಕುಡಿದಿದ್ದಕ್ಕೆ ದಾಖಲೆ ಎಲ್ಲಿ ಅಂತ ಕೇಳಿದ್ರು. ಬೇಗ ಎಲ್ಲಾದ್ರೂ ಕೆಲಸ ಕೊಡಿಸಿ."

ಅವರ ಬೇಜಾರು ನೀವು ಸೇನೆ ಬಿಟ್ಟಿದ್ದಕ್ಕಲ್ಲ. ಮನೆಯಲ್ಲಿ ಇರುವುದಕ್ಕೆ.

ಮತ್ತೆ ಯೂನಿಫಾರ್ಮ್ ಹಾಕುವ ದಾರಿ ಇದೆಯಾ?

ಟೆರಿಟೋರಿಯಲ್ ಆರ್ಮಿ ಇದೆ, ಹೊರಗಿನ ಕೆಲಸದ ಜೊತೆಗೇ ಮಾಡುವ ಅರೆಕಾಲಿಕ ಸೇನೆ. 42 ವರ್ಷದ ತನಕ ಅರ್ಜಿ ಹಾಕಬಹುದು, ವರ್ಷಕ್ಕೆ ಸುಮಾರು ಎರಡು ತಿಂಗಳ ತರಬೇತಿ. ಬೆಂಗಳೂರಿನಲ್ಲೇ 106 ಪ್ಯಾರಾ ಬೆಟಾಲಿಯನ್ ಇದೆ, ಧೋನಿ ಗೌರವ ಲೆಫ್ಟಿನೆಂಟ್ ಕರ್ನಲ್ ಆಗಿ ಬಂದದ್ದು ಅಲ್ಲಿಗೇ. ಒಂದೇ ಷರತ್ತು: ಹೊರಗೆ ನಿಮಗೆ ಒಂದು ಕೆಲಸ ಅಥವಾ ಆದಾಯ ಇರಬೇಕು. ಅಂದರೆ ಸೇನೆಗೆ ವಾಪಸ್ ಹೋಗಬೇಕಾದರೆ ಮೊದಲು ಅಪಾರ್ಟ್‌ಮೆಂಟಿನ ಎಸ್‌ಟಿಪಿ ಸರಿ ಮಾಡಿ.

ಕೊನೆಗೆ ನಾಲ್ಕು ವರ್ಷ ಎಕ್ಸ್‌ಟೆನ್ಷನ್ ತಗೊಳ್ಳಲಾ, ಬೇಡವಾ?

ನನ್ನ ಅಭಿಪ್ರಾಯ: ಮಕ್ಕಳು ಚಿಕ್ಕವರಿದ್ದು, ಸಾಲ ಇದ್ದು, ಕೈಯಲ್ಲಿ ಇನ್ನೂ ಏನೂ ಕೌಶಲ್ಯದ ಸರ್ಟಿಫಿಕೇಟ್ ಇಲ್ಲದಿದ್ದರೆ ತೆಗೆದುಕೊಳ್ಳಿ. ಆ ನಾಲ್ಕು ವರ್ಷದಲ್ಲಿ ನಡುವೆ ಯಾವಾಗ ಬೇಕಾದರೂ ಬಿಡುಗಡೆ ಕೇಳಬಹುದು. ಆದರೆ 34ಕ್ಕೆ ಬೇಕು ಎನ್ನುವ ಕಂಪನಿಗಳು 38ಕ್ಕೆ ಮುಖ ತಿರುಗಿಸುತ್ತವೆ, ಯುಪಿಎಸ್‌ಸಿಯಂತೂ ಬಂದ್. "ಇನ್ನೊಂದು ಪೋಸ್ಟಿಂಗ್ ನೋಡಿ ಆಮೇಲೆ ಯೋಚಿಸೋಣ" ಎನ್ನುವವರು ದಯವಿಟ್ಟು ಬೇಡ. ಎಂಟನೇ ವರ್ಷದಿಂದಲೇ ತಯಾರಿ ಶುರು ಮಾಡಿ. ರಜೆಯಲ್ಲಿ ಒಂದು ಸಲ ಊರಿನ ಮದುವೆ ತಪ್ಪಿಸಿ, ಹೊರಬಂದ ನಾಲ್ಕು ಜನರನ್ನು ಅವರ ಆಫೀಸಿನಲ್ಲೇ ಹೋಗಿ ನೋಡಿ. ಕಾಫಿ ಅವರೇ ಕೊಡಿಸುತ್ತಾರೆ.

ಕಪ್ಪು ಟ್ರಂಕುಗಳನ್ನು ಏನು ಮಾಡಲಿ?

ಇಟ್ಟುಕೊಳ್ಳಿ. ಹೆಸರು, ಯೂನಿಟ್ ಬಿಳಿ ಬಣ್ಣದಲ್ಲಿ ಬರೆದಿರುವ ಆ ಟ್ರಂಕನ್ನು ಒಎಲ್‌ಎಕ್ಸ್‌ನಲ್ಲಿ ಯಾರೂ ಕೊಳ್ಳುವುದಿಲ್ಲ, ನಾನು ಹಾಕಿ ನೋಡಿದ್ದೇನೆ. ಮೇಲೆ ಒಂದು ಹಾಸಿಗೆ ಹಾಕಿದರೆ ಚಿಕ್ಕಪ್ಪ ಬಂದಾಗ ಕೂರಿಸಲು ಆಗುತ್ತದೆ. ಜಾಸ್ತಿ ಹೊತ್ತು ಕೂರಲು ಆಗುವುದಿಲ್ಲ, ಅದೂ ಒಳ್ಳೆಯದೇ.